ಬಾಡಿ ಇಲ್ಲದೆ ಬಂದ ಲಾರಿ

ಮಹಿಳಾ ವೇದಿಕೆಯ ಇ-ಸಂಚಿಕೆಗೆ ಲಾರಿಯ ಬಗ್ಗೆ ಬರೆಯುತ್ತೇನೆ ಎಂದಾಗ ಗೆಳತಿಯರು ನಕ್ಕರು. ಅಡುಗೆ, ಪ್ರವಾಸ, ಕವಿತೆ ಎಲ್ಲ ಇರುವಾಗ ಲಾರಿ ಯಾಕಮ್ಮ ಎಂದು ಕೇಳಿದರು. ಆ ಅಡುಗೆಯ ಅಕ್ಕಿ, ಬೇಳೆ, ಈರುಳ್ಳಿ, ಗ್ಯಾಸ್ ಸಿಲಿಂಡರ್ ಯಾವುದೂ ತಾನಾಗಿ ನಡೆದು ನಮ್ಮ ಮನೆಗೆ ಬಂದಿಲ್ಲವಲ್ಲ! ಎಂ.ಟೆಕ್. ಓದುವಾಗ ನನ್ನ ವಿಷಯ ಯಂತ್ರಗಳ ವಿನ್ಯಾಸ. ಈಗ ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದರೂ ಹಳೆಯ ಯಂತ್ರಗಳ ಮೇಲಿನ ಮೋಹ ಹೋಗಿಲ್ಲ. ಆ ಮೋಹದಲ್ಲಿ ನಾನು ಹೆಚ್ಚು ರಾತ್ರಿಗಳನ್ನು ಕಳೆದದ್ದು ಫೋರ್ಡ್ ಕಂಪನಿಯ ‘ಮಾಡೆಲ್ ಟಿಟಿ’ ಎಂಬ ಲಾರಿಯ ಜೊತೆ.

1917ರಿಂದ 1927ರವರೆಗೆ ತಯಾರಾದ ಈ ಲಾರಿ ತನ್ನ ಕಾಲದ ಅತ್ಯುತ್ತಮ ಲಾರಿಯೇನಲ್ಲ. ಶಕ್ತಿ ಕಡಿಮೆ, ವೇಗ ಕಡಿಮೆ, ಬ್ರೇಕಿನ ವಿಷಯವಂತೂ ಕೇಳಲೇಬೇಡಿ. ಅದೇ ಹೊತ್ತಿನಲ್ಲಿ ಬಂದ ಮ್ಯಾಕ್ ಕಂಪನಿಯ ‘ಎಸಿ’ ಲಾರಿ ಇದಕ್ಕಿಂತ ಎಷ್ಟೋ ಪಾಲು ಗಟ್ಟಿ. ಆದರೂ ಸುಮಾರು 13 ಲಕ್ಷ ಟಿಟಿಗಳು ಮಾರಾಟವಾದವು. ಕಾರಣ ಅದರಲ್ಲಿ ಏನಿತ್ತು ಎನ್ನುವುದಕ್ಕಿಂತ ಏನಿರಲಿಲ್ಲ ಎನ್ನುವುದರಲ್ಲಿದೆ ಎಂದು ನನ್ನ ಅನಿಸಿಕೆ. ಫೋರ್ಡ್ ಈ ಲಾರಿಯನ್ನು ಅರ್ಧ ಮಾತ್ರ ಮಾಡಿ ಮಾರಿತು. ಉಳಿದರ್ಧವನ್ನು ಕೊಂಡವರೇ ಮಾಡಿಕೊಂಡರು.

ನಿಜ ಹೇಳಬೇಕೆಂದರೆ ಮೊದಲರ್ಧದ ಕಲ್ಪನೆಯೂ ಫೋರ್ಡ್‌ದಲ್ಲ. 1908ರಲ್ಲಿ ಬಂದ ‘ಮಾಡೆಲ್ ಟಿ’ ಕಾರು ಅಮೆರಿಕದ ರೈತರ ಕೈಗೆ ಸಿಕ್ಕ ಕೂಡಲೇ ಅವರು ಅದರಲ್ಲಿ ಸಾಮಾನು ಹೇರಲು ಶುರು ಮಾಡಿದರು. ಹಿಂದಿನ ಸೀಟು ಕಿತ್ತು ಹಾಲಿನ ಕ್ಯಾನು, ಕೋಳಿ ಗೂಡು, ಮೇವಿನ ಮೂಟೆ ಇಟ್ಟರು. ಮೂಟೆಗಳು ಹೆಚ್ಚಾದಂತೆ ಹಿಂದಿನ ಆಕ್ಸಲ್ ತಡೆಯದಾಯಿತು. ಇದನ್ನು ಕಂಡ ಬೇರೆ ಕಂಪನಿಗಳು ಕಾರನ್ನು ಲಾರಿ ಮಾಡುವ ಕಿಟ್‌ಗಳನ್ನು ಮಾರತೊಡಗಿದವು. ಚಿಕಾಗೋದ ಸ್ಮಿತ್ ಕಂಪನಿಯ ‘ಫಾರ್ಮ್-ಎ-ಟ್ರಕ್’ ಇವುಗಳಲ್ಲಿ ಹೆಸರುವಾಸಿ. ಕಾರಿನ ಚೌಕಟ್ಟಿಗೆ ಉದ್ದನೆಯ ಇನ್ನೊಂದು ಚೌಕಟ್ಟು ಜೋಡಿಸಿ, ಕಾರಿನ ಹಿಂದಿನ ಚಕ್ರಗಳನ್ನು ತೆಗೆದು ಆ ಜಾಗದಲ್ಲಿ ಹಲ್ಲಿನ ಚಕ್ರ ಕೂರಿಸಿ, ಅಲ್ಲಿಂದ ಸೈಕಲ್ಲಿಗಿರುವಂತೆ ಚೈನ್ ಹಾಕಿ ಹಿಂದಿನ ದಪ್ಪ ಆಕ್ಸಲ್ ತಿರುಗಿಸುವುದು. ಭಾರವೆಲ್ಲ ಹೊಸ ಆಕ್ಸಲ್ ಮೇಲೆ, ತಿರುಗಿಸುವ ಕೆಲಸ ಮಾತ್ರ ಹಳೆಯದಕ್ಕೆ. ಸರಳ, ಜಾಣ ಉಪಾಯ.

ಇದೇ ಕಾಲದ ಒಂದು ಫೋರ್ಡಿನ ಕಥೆಯನ್ನು ನಮ್ಮ ವೇದಿಕೆಯಲ್ಲಿ ಹೇಳದಿದ್ದರೆ ತಪ್ಪಾದೀತು. ಮೊದಲ ಮಹಾಯುದ್ಧದ ಸಮಯದಲ್ಲಿ ಪ್ಯಾರಿಸ್‌ನಲ್ಲಿದ್ದ ಅಮೆರಿಕನ್ ಲೇಖಕಿ ಗರ್ಟ್ರೂಡ್ ಸ್ಟೈನ್ ಮತ್ತು ಅವರ ಸಂಗಾತಿ ಆಲಿಸ್ ಟೋಕ್ಲಾಸ್ ಗಾಯಾಳು ಸೈನಿಕರ ನೆರವಿಗಾಗಿದ್ದ ಅಮೆರಿಕನ್ ಸಂಸ್ಥೆಯೊಂದಕ್ಕೆ ಸೇರಿದರು. ಸ್ವಂತ ವಾಹನ ಇದ್ದವರಿಗೆ ಅಲ್ಲಿ ಕೆಲಸವಿತ್ತು. ಸ್ಟೈನ್ ಅಮೆರಿಕದಿಂದ ಒಂದು ಫೋರ್ಡ್ ತರಿಸಿ, ಡ್ರೈವಿಂಗ್ ಕಲಿತು, 1917ರಲ್ಲಿ ಆಸ್ಪತ್ರೆಗಳಿಗೆ ಸಾಮಗ್ರಿ ಸಾಗಿಸಲು ಹೊರಟರು. ಆಗ ಸ್ಟೈನ್‌ಗೆ ವಯಸ್ಸು ನಲವತ್ತು ದಾಟಿತ್ತು. ಗಾಡಿಗೆ ಅವರಿಟ್ಟ ಹೆಸರು ‘ಆಂಟಿ’, ತಮ್ಮ ಬಂಧು ಪಾಲಿನ್ ಆಂಟಿಯ ನೆನಪಿಗೆ. (ನಮ್ಮಲ್ಲಾಗಿದ್ದರೆ ಅತ್ತೆಯೋ ಚಿಕ್ಕಮ್ಮನೋ ಎಂದು ಮೊದಲು ಜಗಳವಾಗುತ್ತಿತ್ತು.) ಕಷ್ಟಕಾಲದಲ್ಲಿ ಕೈಬಿಡದ, ಸ್ವಲ್ಪ ಹೊಗಳಿದರೆ ಉಳಿದ ಹೊತ್ತಿನಲ್ಲೂ ಸರಿಯಾಗಿರುವ ಹೆಂಗಸಂತೆ ಆಕೆ. ಗಾಡಿಯ ಸ್ವಭಾವವೂ ಅದೇ. ಸ್ಟೈನ್ ಮುಂದಕ್ಕೆ ಚೆನ್ನಾಗಿ ಓಡಿಸುತ್ತಿದ್ದರು, ರಿವರ್ಸ್ ಮಾತ್ರ ಅವರಿಗೆ ಒಗ್ಗಲಿಲ್ಲ. ಫೋರ್ಡ್ ಓಡಿಸುವವರಿಗೆ ಇದು ಸಣ್ಣ ಕೊರತೆಯಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಜನ ಹೀಗೆ ತಮ್ಮ ಕಾರುಗಳನ್ನು ಲಾರಿ ಮಾಡಿಕೊಳ್ಳುತ್ತಿರುವುದನ್ನು ವರ್ಷಗಟ್ಟಲೆ ನೋಡಿದ ಫೋರ್ಡ್ ಕೊನೆಗೆ 1917ರ ಜುಲೈನಲ್ಲಿ ತನ್ನದೇ ಲಾರಿ ಹೊರತಂದಿತು. ಹೆಸರಿಗೆ ಇನ್ನೊಂದು ‘ಟಿ’ ಸೇರಿಸಿತು ಅಷ್ಟೆ. ಚಾಸಿಯ ಬೆಲೆ 600 ಡಾಲರ್. ಎಂಜಿನ್, ಬಾನೆಟ್, ಸ್ಟಿಯರಿಂಗ್, ಚೌಕಟ್ಟು, ಚಕ್ರ ಇಷ್ಟೇ ಸಿಗುತ್ತಿತ್ತು. ಕ್ಯಾಬಿನ್ ಇಲ್ಲ, ಸಾಮಾನು ಹೇರುವ ತೊಟ್ಟಿ ಇಲ್ಲ. ಆ ವರ್ಷ ತಯಾರಾದದ್ದು ಬರೀ 209. ಮರುವರ್ಷ 41 ಸಾವಿರ ದಾಟಿತು.

ಕಾರಿಗೂ ಈ ಲಾರಿಗೂ ಏನು ವ್ಯತ್ಯಾಸ ಎಂದು ಹುಡುಕುತ್ತಾ ಹೋದರೆ ಆಶ್ಚರ್ಯವಾಗುತ್ತದೆ. ಎಂಜಿನ್ ಅದೇ: ನಾಲ್ಕು ಸಿಲಿಂಡರ್, 2.9 ಲೀಟರ್, 20 ಅಶ್ವಶಕ್ತಿ. ಗೇರ್‌ಬಾಕ್ಸ್ ಅದೇ. ರೇಡಿಯೇಟರ್ ಅದೇ. ಮುಂಭಾಗವಂತೂ ಪಡಿಯಚ್ಚು. ಬದಲಾದದ್ದು ಮುಖ್ಯವಾಗಿ ಎರಡು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಕಾರಿನಲ್ಲಿ 100 ಇಂಚು ಇದ್ದದ್ದು ಇಲ್ಲಿ 124 ಇಂಚಾಯಿತು, ಚೌಕಟ್ಟು ದಪ್ಪವಾಯಿತು. ಇನ್ನೊಂದು ಬದಲಾವಣೆ ಹಿಂದಿನ ಆಕ್ಸಲ್‌ನಲ್ಲಿ. ಲಾರಿಯ ಜೀವ ಇರುವುದು ಅಲ್ಲೇ.

20 ಅಶ್ವಶಕ್ತಿ ಎಂದರೆ ಇಂದಿನ ಸಾಧಾರಣ ಮೋಟಾರ್ ಸೈಕಲ್ಲಿನಷ್ಟು. ಅದರಿಂದ ಒಂದು ಟನ್ ಸರಕು ಎಳೆಸುವುದು ಹೇಗೆ? ಎಂಜಿನ್ ಹೆಚ್ಚು ಸುತ್ತು ತಿರುಗಲಿ, ಚಕ್ರ ಕಡಿಮೆ ಸುತ್ತು ತಿರುಗಲಿ. ವೇಗ ಬಿಟ್ಟುಕೊಟ್ಟು ಬಲ ಪಡೆಯುವ ಹಳೆಯ ವ್ಯಾಪಾರ ಇದು. ಕಾರಿನ ಆಕ್ಸಲ್‌ನಲ್ಲಿ ಈ ಅನುಪಾತ 3.64. ಟಿಟಿಯಲ್ಲಿ ಅದನ್ನು 7.25 ಮಾಡಿದರು, ಅಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಕಾರಿನಲ್ಲಿದ್ದಂತಹ ಹಲ್ಲಿನ ಚಕ್ರಗಳಿಂದ ಅಷ್ಟು ದೊಡ್ಡ ಅನುಪಾತ ಪಡೆಯಬೇಕಾದರೆ ಆಕ್ಸಲ್ಲಿನ ಹೊಟ್ಟೆ ಊದಿಕೊಂಡು ನೆಲಕ್ಕೆ ತಗಲುತ್ತದೆ. ಅದಕ್ಕೇ ‘ವರ್ಮ್’ ಗೇರ್ ಹಾಕಿದರು. ಗಿಟಾರಿನ ತಂತಿ ಬಿಗಿ ಮಾಡುವ ಕಿವಿ ನೋಡಿದ್ದೀರಾ? ಸ್ಕ್ರೂ ಹಾಗೆ ಸುರುಳಿ ಇರುವ ಒಂದು ದಂಡ, ಅದಕ್ಕೆ ಕಚ್ಚಿಕೊಂಡ ಒಂದು ಹಲ್ಲಿನ ಚಕ್ರ. ಅದೇ ವಿದ್ಯೆ, ದೊಡ್ಡ ಗಾತ್ರದಲ್ಲಿ. ಸಣ್ಣ ಜಾಗದಲ್ಲಿ ದೊಡ್ಡ ಅನುಪಾತ, ಸದ್ದೂ ಕಡಿಮೆ. ಆದರೆ ಇಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುವುದರಿಂದ ಬಿಸಿ ಏರುತ್ತದೆ, ಶಕ್ತಿ ಸೋರುತ್ತದೆ. ಅದಕ್ಕಾಗಿ ಚಕ್ರವನ್ನು ಕಂಚಿನಲ್ಲಿ ಮಾಡಿ, ಎಣ್ಣೆಯಲ್ಲಿ ಓಡಿಸಿದರು.

ವೇಗದ ಲೆಕ್ಕ ನಾವೇ ಮಾಡಬಹುದು. ಎಂಜಿನ್ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ 1600 ಸುತ್ತಿನಲ್ಲಿ. 7.25ರಿಂದ ಭಾಗಿಸಿದರೆ ಚಕ್ರಕ್ಕೆ ಸುಮಾರು 220 ಸುತ್ತು. ಹಿಂದಿನ ಚಕ್ರದ ವ್ಯಾಸ 32 ಇಂಚು, ಒಂದು ಸುತ್ತಿಗೆ ಎರಡೂವರೆ ಮೀಟರ್. ಒಟ್ಟು ಗಂಟೆಗೆ 34 ಕಿಲೋಮೀಟರ್ ಹತ್ತಿರ ಬರುತ್ತದೆ. ಲೋ ಗೇರಿನಲ್ಲಿ ಇನ್ನೂ 2.75ರಿಂದ ಭಾಗಿಸಿ: ಗಂಟೆಗೆ 12 ಕಿಲೋಮೀಟರ್. ಎತ್ತಿನಗಾಡಿಗಿಂತ ವಾಸಿ, ಆದರೆ ಅವಸರದವರಿಗಲ್ಲ. ಅದಕ್ಕೆ ಬದಲಾಗಿ ಎಂಜಿನ್ನಿನ ತಿರುಚು ಬಲ ಚಕ್ರದ ಹತ್ತಿರ ಬರುವಷ್ಟರಲ್ಲಿ 20 ಪಟ್ಟು. ರಿವರ್ಸ್ ಗೇರಿನ ಅನುಪಾತ 4, ಹಾಗಾಗಿ ಅಲ್ಲಿ 29 ಪಟ್ಟು.

ಸ್ಟೈನ್ ಅವರ ಕೊರತೆಯ ಮಾತಿಗೆ ಈಗ ಬರೋಣ. ಈ ಗಾಡಿಯ ಅತ್ಯಂತ ಬಲವಾದ ಗೇರ್ ರಿವರ್ಸ್. ಇನ್ನೊಂದು ವಿಷಯ: ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ, ಕಾರ್ಬ್ಯುರೇಟರ್ ಮುಂದೆ ಎಂಜಿನ್ ಪಕ್ಕದಲ್ಲಿ. ನಡುವೆ ಪಂಪ್ ಇಲ್ಲ, ಪೆಟ್ರೋಲು ಇಳಿಜಾರಿಗೆ ಹರಿಯುವ ನೀರಿನಂತೆ ಹರಿದು ಬರಬೇಕು. ಕಡಿದಾದ ಏರಿನಲ್ಲಿ ಮೂಗು ಮೇಲಾದಾಗ ಕಾರ್ಬ್ಯುರೇಟರ್ ಟ್ಯಾಂಕಿಗಿಂತ ಎತ್ತರವಾಗುತ್ತದೆ. ಟ್ಯಾಂಕು ತುಂಬಿಲ್ಲದಿದ್ದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಎಣ್ಣೆಯ ಕಥೆಯೂ ಹಾಗೇ. ಆಯಿಲ್ ಪಂಪ್ ಇಲ್ಲದ ಈ ಎಂಜಿನ್ನಿನಲ್ಲಿ ಹಿಂಭಾಗದ ಫ್ಲೈವೀಲ್ ಎಣ್ಣೆ ಎರಚಿ, ಒಂದು ಕೊಳವೆಯ ಮೂಲಕ ಅದು ಮುಂಭಾಗಕ್ಕೆ ಹರಿಯಬೇಕು. ಏರಿನಲ್ಲಿ ಅದು ಹಿಂದಕ್ಕೇ ಉಳಿಯುತ್ತದೆ. ಇದಕ್ಕೆಲ್ಲ ಡ್ರೈವರುಗಳು ಕಂಡುಕೊಂಡ ಪರಿಹಾರ, ಗಾಡಿ ತಿರುಗಿಸಿ ಗುಡ್ಡವನ್ನು ಹಿಂದುಮುಂದಾಗಿ ಹತ್ತುವುದು! ಪೆಟ್ರೋಲು ಹರಿಯುತ್ತದೆ, ಎಣ್ಣೆಯೂ ಮುಂದೆ ಬರುತ್ತದೆ, ಬಲವೂ ಹೆಚ್ಚು. ಖಂಡಾಲಾ ಘಾಟಿನಲ್ಲಿ ಹೀಗೆ ಹಿಂಬದಿಯಿಂದ ಹತ್ತುವ ಲಾರಿಗಳ ಸಾಲನ್ನು ಊಹಿಸಿಕೊಂಡು ನಾನು ಒಬ್ಬಳೇ ನಕ್ಕಿದ್ದೇನೆ.

ಓಡಿಸುವ ಕ್ರಮ ಇಂದಿನವರಿಗೆ ತಲೆ ಕೆಡಿಸುವಂಥದ್ದು. ಕಾಲ ಬಳಿ ಮೂರು ಪೆಡಲ್, ಆದರೆ ಒಂದೂ ಆಕ್ಸಿಲರೇಟರ್ ಅಲ್ಲ. ಅದು ಸ್ಟಿಯರಿಂಗ್ ಕೆಳಗೆ ಬಲಬದಿಯ ಸಣ್ಣ ಲಿವರ್. ಎಡ ಪೆಡಲ್ ಪೂರ್ತಿ ಒತ್ತಿದರೆ ಲೋ ಗೇರ್, ಅರ್ಧ ಬಿಟ್ಟರೆ ನ್ಯೂಟ್ರಲ್, ಪೂರ್ತಿ ಬಿಟ್ಟರೆ ಟಾಪ್. ಮಧ್ಯದ್ದು ರಿವರ್ಸ್, ಬಲದ್ದು ಬ್ರೇಕ್. ಲೋ ಗೇರಿನಲ್ಲಿ ಏರು ಹತ್ತುವಷ್ಟು ಹೊತ್ತೂ ಎಡಗಾಲು ಒತ್ತಿಕೊಂಡೇ ಇರಬೇಕು. ಐದು ಕಿಲೋಮೀಟರ್ ಏರು ಇದ್ದರೆ ಅರ್ಧ ಗಂಟೆಯ ಹತ್ತಿರ ಒತ್ತಿದ ಕಾಲು ಎತ್ತುವಂತಿಲ್ಲ. ಇದರ ಹಿಂದಿರುವ ಗ್ರಹಗೇರ್ ವ್ಯವಸ್ಥೆ ಮಾತ್ರ ಬಹಳ ಚೆಂದ. ನಡುವೆ ಸೂರ್ಯನಂತೆ ಒಂದು ಚಕ್ರ, ಸುತ್ತ ಗ್ರಹಗಳಂತೆ ತಿರುಗುವ ಪುಟ್ಟ ಚಕ್ರಗಳು. ಪೆಡಲ್ ಒತ್ತಿದಾಗ ಒಂದು ಪಟ್ಟಿ ಬಿಗಿದು ಯಾವುದೋ ಒಂದು ಡ್ರಮ್ಮನ್ನು ಹಿಡಿದು ನಿಲ್ಲಿಸುತ್ತದೆ, ಗೇರ್ ಬದಲಾಗುತ್ತದೆ. ಹಲ್ಲುಗಳು ಕಿರುಗುಟ್ಟುವ ಪ್ರಶ್ನೆಯೇ ಇಲ್ಲ. ನಮ್ಮ ಇಂದಿನ ಅನೇಕ ಆಟೋಮ್ಯಾಟಿಕ್ ಕಾರುಗಳೊಳಗಿರುವುದೂ ಇದೇ ತತ್ವ.

ಸ್ಟಾರ್ಟ್ ಮಾಡುವುದು ಇನ್ನೊಂದು ಸಾಹಸ. ರೇಡಿಯೇಟರ್ ಕೆಳಗಿನ ಹ್ಯಾಂಡಲ್ ಹಿಡಿದು ಕೈಯಲ್ಲಿ ತಿರುಗಿಸಬೇಕು. ಕಿಡಿ ಯಾವಾಗ ಹೊತ್ತಬೇಕೆಂದು ತಿಳಿಸುವ ಲಿವರ್ ಸ್ಟಿಯರಿಂಗಿನ ಎಡಕ್ಕಿದೆ, ಅದನ್ನು ಮೊದಲು ಮೇಲಕ್ಕೆ ಸರಿಸಿ ಕಿಡಿಯನ್ನು ತಡಮಾಡಿರಬೇಕು. ಮರೆತರೆ ಪಿಸ್ಟನ್ ತುದಿ ಮುಟ್ಟುವ ಮೊದಲೇ ಪೆಟ್ರೋಲು ಹೊತ್ತಿಕೊಂಡು ಎಂಜಿನ್ ಹಿಂದಕ್ಕೆ ಒದೆಯುತ್ತದೆ, ಹ್ಯಾಂಡಲ್ ಹಿಡಿದ ಕೈ ಮುರಿಯುತ್ತದೆ. ಮಣಿಕಟ್ಟಿನ ಹತ್ತಿರದ ಒಂದು ಬಗೆಯ ಮುರಿತಕ್ಕೆ ಮೂಳೆ ವೈದ್ಯರು ಇಂದಿಗೂ ‘ಷಾಫರ್ಸ್ ಫ್ರ್ಯಾಕ್ಚರ್’, ಅಂದರೆ ಡ್ರೈವರನ ಮುರಿತ ಎನ್ನುತ್ತಾರೆ. ಆ ಹೆಸರು ಬಂದದ್ದು ಇಂಥ ಹ್ಯಾಂಡಲುಗಳಿಂದ. ಚಳಿಯಲ್ಲಿ ಎಣ್ಣೆ ಗಟ್ಟಿಯಾದಾಗ ಕ್ಲಚ್ ಪೂರ್ತಿ ಬಿಡದೆ, ಸ್ಟಾರ್ಟ್ ಆದ ಗಾಡಿ ಮುಂದೆ ನಿಂತವರ ಮೇಲೇ ತೆವಳುತ್ತಾ ಬರುತ್ತಿತ್ತು. ಬುದ್ಧಿವಂತರು ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿಟ್ಟು ಸ್ಟಾರ್ಟ್ ಮಾಡುತ್ತಿದ್ದರು. ಕ್ಯಾಡಿಲಾಕ್ ಕಾರುಗಳಲ್ಲಿ 1912ರಲ್ಲೇ ಬಂದಿದ್ದ ಎಲೆಕ್ಟ್ರಿಕ್ ಸ್ಟಾರ್ಟರನ್ನು ಫೋರ್ಡ್ ಕೊಟ್ಟದ್ದು 1919ರಲ್ಲಿ, ಅದೂ ಮೊದಲು ಮುಚ್ಚಿದ ಕಾರುಗಳಿಗೆ. ಸ್ಟೈನ್‌ಗೆ ಈ ಕಷ್ಟ ಅಷ್ಟಾಗಿ ತಟ್ಟಲಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಇಳಿದು ಬಂದು ಅವರಿಗೆ ಹ್ಯಾಂಡಲ್ ತಿರುಗಿಸಿಕೊಡುತ್ತಿದ್ದರಂತೆ. ಅದೇ ಸಂಸ್ಥೆಯಲ್ಲಿ ಗಾಡಿ ಓಡಿಸುತ್ತಿದ್ದ ಉಳಿದವರಿಗೆ ಈಕೆಗೆ ಮಾತ್ರ ಹೇಗೆ ಎಲ್ಲರೂ ಸಹಾಯ ಮಾಡುತ್ತಾರೆ ಎಂದು ಸೋಜಿಗ.

ಇಲ್ಲಿಯವರೆಗಿನದನ್ನು ನಗುತ್ತಾ ಹೇಳಬಹುದು. ಬ್ರೇಕಿನ ವಿಷಯದಲ್ಲಿ ನನಗೆ ನಗು ಬರುವುದಿಲ್ಲ.

ಟಿಟಿಯ ಕಾಲಿನ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಗೇರ್‌ಬಾಕ್ಸಿನೊಳಗಿನ ಡ್ರಮ್ಮನ್ನು ಹಿಡಿಯುತ್ತದೆ. ಅಲ್ಲಿಂದ ಆಕ್ಸಲ್ ಮೂಲಕ ಹಿಂದಿನ ಚಕ್ರಗಳಿಗೆ ತಡೆ ತಲುಪಬೇಕು. ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. ಕೈ ಲಿವರ್ ಎಳೆದರೆ ಹಿಂದಿನ ಚಕ್ರಗಳಲ್ಲಿ ಒಂದು ಬ್ರೇಕ್ ಹಿಡಿಯುತ್ತದೆ. ಹಗುರವಾದ ಕಾರಿಗೆ ಇದು ಹೇಗೋ ನಡೆಯುತ್ತಿತ್ತು. ಒಂದು ಟನ್ ಹೊತ್ತು ಇಳಿಜಾರಿನಲ್ಲಿ ಬರುವಾಗ ಗೇರ್‌ಬಾಕ್ಸಿನ ಬಟ್ಟೆಯ ಪಟ್ಟಿಗಳೇ ಎಲ್ಲ ಬಿಸಿಯನ್ನು ಹೀರಬೇಕು. ಅವು ಬೇಗ ಸವೆಯುತ್ತಿದ್ದವು. ಸವೆದ ಬಟ್ಟೆಯ ನೂಲು ಎಣ್ಣೆಯಲ್ಲಿ ಬೆರೆತು, ನಾನು ಆಗಲೇ ಹೇಳಿದ ಎಣ್ಣೆಯ ಕೊಳವೆಯನ್ನು ಕಟ್ಟಿಹಾಕುತ್ತಿತ್ತು. ಬ್ರೇಕಿನ ಕಾಯಿಲೆ ಹೀಗೆ ಎಂಜಿನ್ನಿಗೂ ಹರಡುತ್ತಿತ್ತು.

ಎರಡೇ ಗೇರು ಸಾಲದೆ ಜನ ‘ವಾರ್ಫರ್ಡ್’ ಮುಂತಾದ ಹೆಚ್ಚುವರಿ ಗೇರ್‌ಬಾಕ್ಸ್ ಕೊಂಡು ಕೂರಿಸಿಕೊಂಡರು. ಅದನ್ನು ಕೂರಿಸುವುದು ಫೋರ್ಡಿನ ಗೇರ್‌ಬಾಕ್ಸಿನ ಹಿಂದೆ. ಗೇರ್ ಬದಲಿಸುವಾಗ ಅದು ನ್ಯೂಟ್ರಲ್ಲಿನಲ್ಲಿ ಸಿಕ್ಕಿಕೊಂಡರೆ ಚಕ್ರಕ್ಕೂ ಮುಂದಿನ ಗೇರ್‌ಬಾಕ್ಸಿಗೂ ಸಂಬಂಧವೇ ಕಡಿದುಹೋಗುತ್ತದೆ. ಬ್ರೇಕ್ ಇರುವುದು ಆ ಮುಂದಿನ ಗೇರ್‌ಬಾಕ್ಸಿನಲ್ಲಿ! ಕಾಲಿನಡಿ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಲಾರಿ ಮಾತ್ರ ಇಳಿಯುತ್ತಲೇ ಇರುತ್ತದೆ. ಒಂದು ಭಾಗ ತಾನಾಗಿ ಸರಿ, ಇನ್ನೊಂದು ಭಾಗ ತಾನಾಗಿ ಸರಿ, ಎರಡನ್ನೂ ಜೋಡಿಸಿದಾಗ ಹುಟ್ಟುವ ಅಪಾಯ ಯಾರ ನಕ್ಷೆಯಲ್ಲೂ ಇಲ್ಲ. ಸಾಫ್ಟ್‌ವೇರಿನಲ್ಲಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದಕ್ಕೂ ಹೊರಗಿನವರೇ ಮದ್ದು ಮಾಡಿದರು. ‘ರಾಕಿ ಮೌಂಟನ್ ಬ್ರೇಕ್’ ಎಂಬ ಹೆಸರಿನಲ್ಲಿ ನೇರ ಹಿಂದಿನ ಚಕ್ರದ ಡ್ರಮ್ಮುಗಳನ್ನು ಹಿಡಿಯುವ ಪಟ್ಟಿಗಳು ಅಂಗಡಿಗೆ ಬಂದವು. ಹೆಸರಿನಲ್ಲೇ ಗುಡ್ಡಬೆಟ್ಟ ಇದೆ, ಯಾರು ಕೊಳ್ಳುತ್ತಿದ್ದರೆಂದು ಗೊತ್ತಾಗುತ್ತದೆ. ಕಂಪನಿ ಬಾಡಿ ಮಾಡದೆ ಬಿಟ್ಟದ್ದನ್ನು ನಾನು ಮೆಚ್ಚುತ್ತೇನೆ. ಬ್ರೇಕನ್ನೂ ಅದೇ ಸಾಲಿಗೆ ಸೇರಿಸಿದ್ದನ್ನು ಒಬ್ಬ ಎಂಜಿನಿಯರ್ ಆಗಿ ಮೆಚ್ಚಲಾರೆ. ಬಾಡಿ ಎಂಬುದು ಕೊಳ್ಳುವವರ ಆಯ್ಕೆ. ನಿಲ್ಲುವುದು ಆಯ್ಕೆಯಲ್ಲ. ರಸ್ತೆಯಲ್ಲಿ ಎದುರು ಬರುವವರು ಯಾವ ಬ್ರೇಕನ್ನೂ ಆರಿಸಿಕೊಂಡಿರುವುದಿಲ್ಲ.

ಬಾಡಿಯ ಕಥೆ ಹೆಚ್ಚು ಸಂತೋಷದ್ದು. ಬರೀ ಚಾಸಿ ಬಂದಿದ್ದರಿಂದ ಊರೂರಿನ ಬಡಗಿ, ಕಮ್ಮಾರ, ಕುದುರೆಗಾಡಿ ಕಟ್ಟುವವರಿಗೆ ಕೆಲಸ ಸಿಕ್ಕಿತು. ಮೋಟಾರು ಬಂದು ತಮ್ಮ ಅನ್ನ ಕಿತ್ತುಕೊಳ್ಳುತ್ತದೆ ಎಂದು ಹೆದರಿದ್ದವರೇ ಅದರ ಮೇಲೆ ಮರದ ಬಾಡಿ ಕಟ್ಟಿದರು. ಅದೇ ಚಾಸಿ ಒಂದು ಕಡೆ ಹಾಲಿನ ಗಾಡಿ, ಇನ್ನೊಂದು ಕಡೆ ಸೀಮೆಎಣ್ಣೆ ಟ್ಯಾಂಕರ್, ಮತ್ತೊಂದು ಕಡೆ ಬೆಂಕಿ ಆರಿಸುವ ಗಾಡಿ. ಜಾರ್ಜಿಯಾ ರಾಜ್ಯದಲ್ಲಿ ಎ. ಎಲ್. ಲೂಸ್ ಎಂಬ ಫೋರ್ಡ್ ವ್ಯಾಪಾರಿ ಕೆಲಸಗಾರರನ್ನು ಕರೆದೊಯ್ಯಲೆಂದು ಒಬ್ಬ ಗಿರಾಕಿಗೆ ಮರದ ಬಾಡಿಯ ಬಸ್ಸು ಮಾರಿದ್ದ. ಕೆಟ್ಟ ರಸ್ತೆಗೆ ಆ ಮರ ಸಡಿಲಾಗಿ ಕಳಚತೊಡಗಿತು. ಲೂಸ್ ತಾನೇ ಉಕ್ಕಿನ ಹಂದರದ ಬಾಡಿ ಮಾಡಲು ಕೂತ. 1927ರಲ್ಲಿ ಟಿ ಮಾದರಿಯ ಲಾರಿ ಚಾಸಿಯ ಮೇಲೆ ಅವನು ಕಟ್ಟಿದ ಬಸ್ಸೇ ‘ಬ್ಲೂ ಬರ್ಡ್’ ಕಂಪನಿಯ ಮೊದಲ ಬಸ್ಸು. ಅಮೆರಿಕದ ಹಳದಿ ಶಾಲಾ ಬಸ್ಸುಗಳ ದೊಡ್ಡ ತಯಾರಕರು ಇವರು. ಆ ಮೊದಲ ಬಸ್ಸು ಇಂದು ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ.

ಫೋರ್ಡ್ ತಾನೇ ಕ್ಯಾಬಿನ್ ಮತ್ತು ತೊಟ್ಟಿ ಮಾಡಿಕೊಡಲು ಶುರು ಮಾಡಿದ್ದು 1924ರಲ್ಲಿ. ಮೊದಲ ಕ್ಯಾಬಿನ್ನಿನ ಪಕ್ಕಗಳು ತೆರೆದೇ ಇದ್ದವು. ಬಾಗಿಲು, ಗಾಜು ಇರುವ ಮುಚ್ಚಿದ ಕ್ಯಾಬಿನ್ ಬರಲು 1925 ಆಗಬೇಕಾಯಿತು. ಅಂದರೆ ಏಳು ವರ್ಷ ಡ್ರೈವರನಿಗೆ ನೆರಳು ಕೊಡುವುದು ಕಂಪನಿಯ ಕೆಲಸವೆಂದು ಯಾರಿಗೂ ಅನಿಸಿರಲಿಲ್ಲ. 1927ರ ಕೊನೆಗೆ ಟಿಟಿಯ ಜಾಗಕ್ಕೆ ‘ಮಾಡೆಲ್ ಎಎ’ ಬಂತು. ಅದರಲ್ಲಿ ನೀರಿನ ಪಂಪ್, ಕೈಯಿಂದ ಹಾಕುವ ಗೇರ್, ನಾಲ್ಕೂ ಚಕ್ರಕ್ಕೆ ಬ್ರೇಕ್ ಎಲ್ಲ ಇದ್ದವು. ಹೊರಗಿನವರು ಹತ್ತು ವರ್ಷ ಮಾರಿದ್ದ ಬಿಡಿಭಾಗಗಳ ಪಟ್ಟಿಯನ್ನು ಮುಂದಿಟ್ಟುಕೊಂಡೇ ವಿನ್ಯಾಸ ಮಾಡಿದಂತಿದೆ.

ಭಾರತಕ್ಕೆ ಫೋರ್ಡ್ ಬಂದದ್ದು ಕೆನಡಾದಿಂದ. ಬ್ರಿಟನ್ ಬಿಟ್ಟು ಉಳಿದ ಬ್ರಿಟಿಷ್ ಸಾಮ್ರಾಜ್ಯಕ್ಕೆ ಮಾರುವ ಹಕ್ಕು ಫೋರ್ಡ್ ಕೆನಡಾ ಕಂಪನಿಯದಾಗಿತ್ತು. 1926ರಲ್ಲಿ ಅದು ಬೊಂಬಾಯಿಯಲ್ಲಿ ತನ್ನ ಭಾರತೀಯ ಅಂಗಸಂಸ್ಥೆ ತೆರೆಯಿತು. ಎರಡು ವರ್ಷದಲ್ಲಿ ಜನರಲ್ ಮೋಟಾರ್ಸ್ ಕೂಡ ಶಿವ್ಡಿಯಲ್ಲಿ ವಾಹನ ಜೋಡಿಸುವ ಕಾರ್ಖಾನೆ ಹಾಕಿತು. ಮುಂಬಯಿಯ ಓದುಗರಲ್ಲಿ ಎಷ್ಟೋ ಮಂದಿ ಹಾರ್ಬರ್ ಲೈನಿನಲ್ಲಿ ದಿನಾ ಆ ಸ್ಟೇಷನ್ ದಾಟುತ್ತಾರೆ.

ಈ ಕಂಪನಿಗಳು ಐವತ್ತರ ದಶಕದಲ್ಲಿ ಇಲ್ಲಿಂದ ಹೊರಟವು. ಚಾಸಿ ಕೊಂಡು ಬಾಡಿ ಕಟ್ಟಿಸುವ ಪದ್ಧತಿ ಹೋಗಲಿಲ್ಲ. ನಾಮಕ್ಕಲ್‌ನ ಲಾರಿ ಬಾಡಿ, ಕರೂರಿನ ಬಸ್ ಬಾಡಿ ಎಂದರೆ ಇಂದಿಗೂ ಲಾರಿ ಮಾಲೀಕರಿಗೆ ಗೊತ್ತು. ಅಲ್ಲಿನ ಬಡಗಿ, ವೆಲ್ಡರ್, ಪೇಂಟರ್ ಮಾಡುವುದು 1917ರಲ್ಲಿ ಫೋರ್ಡ್ ಬಿಟ್ಟುಕೊಟ್ಟ ಅದೇ ಅರ್ಧ ಕೆಲಸ. ನಮ್ಮಲ್ಲಿ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾದದ್ದು 2025ರ ಅಕ್ಟೋಬರ್ 1ರಿಂದ ತಯಾರಾಗುವ ವಾಹನಗಳಿಗೆ. ಅದಕ್ಕೂ ಮೊದಲಿನ ಎಷ್ಟೋ ವರ್ಷ ಪುಣೆಯಿಂದ ಸಾತಾರಾ ಕಡೆಗೆ ಹೋಗುವಾಗ ಹೆದ್ದಾರಿಯಲ್ಲಿ ಹೊಸ ಚಾಸಿಗಳ ಸಾಲು ಎದುರಾಗುತ್ತಿತ್ತು: ಎಂಜಿನ್, ಉದ್ದನೆಯ ಚೌಕಟ್ಟು, ಆರು ಚಕ್ರ. ತಲೆ ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿ, ಬಿಸಿಲು ಧೂಳಿನಲ್ಲಿ ಬಯಲಲ್ಲೇ ಕೂತ ಡ್ರೈವರ್. ಬಾಡಿ ಕಟ್ಟುವವರ ಊರು ಮುಟ್ಟುವುದಕ್ಕೆ ಅವರಿಗೆ ಇನ್ನೂ ಎರಡು ಮೂರು ದಿನದ ದಾರಿ.